ಜಪಾನೀಸ್ ಮನೆಯಲ್ಲೇ ಕಲಿಯಲು ಯಾವ ದಾರಿ ಹಿಡಿಯುವುದು? ಕನ್ನಡಿಗರಿಗೆ ಒಂದು ಹೋಲಿಕೆ

ಜಪಾನಿನಲ್ಲಿ ಮನೆಯಿಂದ ಹೊರಡುವವರು ಬಾಗಿಲಲ್ಲಿ ನಿಂತು ‘ಇತ್ತೆಕಿಮಸು’ ಅನ್ನುತ್ತಾರೆ. ಒಳಗಿರುವವರು ‘ಇತ್ತೆರಶ್ಶಾಯ್’ ಅನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಸರಿಯಾದ ಮಾತೇ ಇಲ್ಲ, ಹಾಗಾಗಿ ಪುಸ್ತಕಗಳು ಇದನ್ನು ಸುತ್ತಿಬಳಸಿ ವಿವರಿಸುತ್ತವೆ. ನಮಗೆ ಆ ವಿವರಣೆ ಬೇಡ. ‘ಇತ್ತೆ’ ಅಂದರೆ ಹೋಗಿ. ‘ಕಿಮಸು’ ಅಂದರೆ ಬರುತ್ತೇನೆ. ಹೋಗಿ ಬರ್ತೀನಿ. ಒಳಗಿನಿಂದ ಬರುವ ಉತ್ತರ: ಹೋಗಿ ಬಾ.

ಇದು ಹೊಳೆದ ದಿನವೇ ನಾನು ಕಲಿಯುವ ರೀತಿಯನ್ನು ಬದಲಿಸಿಕೊಂಡೆ. ಅಲ್ಲಿಯವರೆಗೆ ಇಂಗ್ಲಿಷ್ ಮಾತಾಡುವವರಿಗೆ ಬರೆದ ಸಲಹೆಗಳನ್ನೇ ಹಿಡಿದು ಹೊರಟಿದ್ದೆ. ಅವರಿಗೆ ಕಷ್ಟವಾದದ್ದು ನಮಗೆ ಸುಲಭ. ಅವರು ಒಂದು ಸಾಲಿನಲ್ಲಿ ಮುಗಿಸಿದ ಜಾಗದಲ್ಲೇ ನಾವು ಎಡವುತ್ತೇವೆ. ಹಾಗಾಗಿ ಯಾವ ಆ್ಯಪ್, ಯಾವ ಪುಸ್ತಕ, ಯಾವ ಕ್ಲಾಸ್ ಅನ್ನುವ ಪ್ರಶ್ನೆಗೆ ಕನ್ನಡಿಗರ ಉತ್ತರ ಬೇರೆಯೇ ಆಗಬೇಕು.

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಮೂರು ಥರ ಇರುತ್ತಾರೆ. ಜಪಾನಿಗೆ ಕೆಲಸಕ್ಕೆ ಹೋಗಬೇಕು ಅನ್ನುವವರು, ಅದರಲ್ಲೂ ನರ್ಸಿಂಗ್ ಓದಿದವರು, ಒಂದು ಗುಂಪು. ಜಪಾನಿ ಕಂಪನಿಯ ಜೊತೆ ಕೆಲಸ ಮಾಡುವ ಎಂಜಿನಿಯರುಗಳು ಇನ್ನೊಂದು. ಮೂರನೆಯವರು ಅನಿಮೆ ನೋಡುತ್ತಾ ನೋಡುತ್ತಾ ಭಾಷೆಯ ಮೇಲೆ ಆಸೆ ಹುಟ್ಟಿಸಿಕೊಂಡವರು. ಮೂವರಿಗೂ ಒಂದೇ ದಾರಿ ಹೇಳಿದರೆ ಅದು ಸುಳ್ಳಾಗುತ್ತದೆ.

ಮೊದಲು ಅಳತೆಗೋಲು

ನಾನು ಯಾವುದನ್ನೇ ಆರಿಸಲಿ, ಐದು ವಿಷಯ ನೋಡುತ್ತೇನೆ.

ಒಂದು, ಅದು ಕೈ ಹಿಡಿದು ನಡೆಸುತ್ತದೆಯೇ? ದಿನವೆಲ್ಲ ಕೆಲಸ ಮಾಡಿ ಬಂದು ರಾತ್ರಿ ಒಂಬತ್ತಕ್ಕೆ ಕೂತಾಗ ‘ಇವತ್ತು ಏನು ಓದಲಿ’ ಎಂದು ಯೋಚಿಸುವ ಹಾಗೆ ಇರಬಾರದು. ಆ ಯೋಚನೆಯಲ್ಲೇ ಅರ್ಧ ಗಂಟೆ ಹೋಗುತ್ತದೆ. ಎರಡು, ಕಿವಿಗೆ ಏನು ಕೊಡುತ್ತದೆ? ಮೂರು, ನನ್ನ ಬಾಯಿಂದ ಏನಾದರೂ ಹೊರಡಿಸುತ್ತದೆಯೇ, ತಪ್ಪಾದರೆ ತಿದ್ದುವವರು ಇದ್ದಾರೆಯೇ? ನಾಲ್ಕು, ದುಡ್ಡು.

ಐದನೆಯದು ನಮ್ಮದೇ ಅಳತೆ. ಕನ್ನಡ ಬಲ್ಲವನಿಗೆ ಕಷ್ಟವಾಗುವ ಜಾಗದಲ್ಲಿ ಅದು ಸಹಾಯ ಮಾಡುತ್ತದೆಯೇ, ಅಥವಾ ನಮಗೆ ಆಗಲೇ ಗೊತ್ತಿರುವುದನ್ನೇ ಹೇಳಿ ಸಮಯ ಕಳೆಯುತ್ತದೆಯೇ? ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಮುಂದಿನ ಆಯ್ಕೆಯೆಲ್ಲ ಇದರ ಮೇಲೇ ನಿಂತಿದೆ.

ವಾಕ್ಯದ ಕ್ರಮ ನಮ್ಮದೇ. ಕ್ರಿಯಾಪದ ಕೊನೆಗೆ. ವಿಭಕ್ತಿ ಪದದ ಹಿಂದೆ. ‘ಕಿನೋ ಯೊಂದ ಹೊನ್’ ಅಂದರೆ ‘ನಿನ್ನೆ ಓದಿದ ಪುಸ್ತಕ’, ಪದಕ್ಕೆ ಪದ ಕೂರುತ್ತದೆ. ‘ಕುರು ತೊ ಇತ್ತ’ ಅಂದರೆ ‘ಬರ್ತೀನಿ ಅಂತ ಹೇಳಿದ’. ಆ ‘ತೊ’ ನಮ್ಮ ‘ಅಂತ’ವೇ. ‘ತಬೆತೆ ಮಿರು’ ಅಂದರೆ ‘ತಿಂದು ನೋಡು’. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡುವುದು. ರುಚಿ ನೋಡಲು ಕಣ್ಣು ಯಾಕೆ ಬೇಕು ಎಂದು ಇಂಗ್ಲಿಷಿನವರಿಗೆ ಅನಿಸಬಹುದು, ನಮಗೆ ಅನಿಸುವುದಿಲ್ಲ. ‘ತಬೆತೆ ಶಿಮತ್ತ’ ಅಂದರೆ ತಿಂದುಬಿಟ್ಟೆ. ‘ಶಿತೆ ಒಕು’ ಅಂದರೆ ಮಾಡಿ ಇಡುವುದು. ‘ನಿಹೊಂಗೊ ಗ ವಕರು’ ಎಂಬಲ್ಲಿ ಅರ್ಥವಾಗುವ ಭಾಷೆಯೇ ಕರ್ತೃವಿನ ಜಾಗದಲ್ಲಿ ಯಾಕೆ ಕೂತಿದೆ ಎಂದು ಪುಸ್ತಕಗಳು ಉದ್ದಕ್ಕೆ ಬರೆಯುತ್ತವೆ. ‘ನನಗೆ ಜಪಾನೀಸ್ ಅರ್ಥವಾಗುತ್ತದೆ’ ಎನ್ನುವ ನಮಗೆ ಅದು ಹುಟ್ಟಿನಿಂದ ಗೊತ್ತು. ವಾಕ್ಯದ ಕೊನೆಯ ‘ನೆ’ ಅಂತೂ ನಮ್ಮ ‘ಅಲ್ವಾ’.

ಎಡವುವುದು ಎಲ್ಲಿ? ಕನ್ನಡದಲ್ಲಿ ಒಂದೇ ಪದವಿದ್ದು ಅಲ್ಲಿ ಎರಡಿರುವ ಕಡೆ. ಮನೆಯಲ್ಲಿ ಇದ್ದಾನೆ, ಮನೆಯಲ್ಲಿ ಓದುತ್ತಾನೆ: ಎರಡಕ್ಕೂ ನಮಗೆ ‘ಅಲ್ಲಿ’ ಸಾಕು. ಜಪಾನೀಸಿನಲ್ಲಿ ಮೊದಲನೆಯದು ‘ಉಚಿ ನಿ ಇರು’, ಎರಡನೆಯದು ‘ಉಚಿ ದೆ ಯೊಮು’. ನಮ್ಮ ‘ಅದು’ ಅಲ್ಲಿ ಎರಡಾಗುತ್ತದೆ. ಕೇಳುವವರ ಹತ್ತಿರ ಇರುವುದು ‘ಸೊರೆ’, ಇಬ್ಬರಿಗೂ ದೂರ ಇರುವುದು ‘ಅರೆ’. ‘ಕೊಡು’ ಕೂಡ ಎರಡು. ನಾನು ಬೇರೆಯವರಿಗೆ ಕೊಟ್ಟರೆ ‘ಅಗೆರು’, ಬೇರೆಯವರು ನನಗೆ ಕೊಟ್ಟರೆ ‘ಕುರೆರು’. ಈ ತಪ್ಪುಗಳನ್ನು ಮೇಲಿಂದ ಮೇಲೆ ಮಾಡುತ್ತೇವೆ, ಯಾರಾದರೂ ಹಿಡಿದು ತೋರಿಸುವವರೆಗೂ ಗೊತ್ತೇ ಆಗುವುದಿಲ್ಲ.

ಇನ್ನು ಕಾಂಜಿ, ಅಂದರೆ ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥ ಇರುವ ಅಕ್ಷರಗಳು. ಅದು ಎಲ್ಲರಿಗೂ ಬೆಟ್ಟವೇ. ಜಪಾನ್ ಸರ್ಕಾರದ ದಿನಬಳಕೆಯ ಪಟ್ಟಿಯಲ್ಲೇ 2136 ಕಾಂಜಿಗಳಿವೆ. ಅಮೆರಿಕದ ವಿದೇಶಾಂಗ ಇಲಾಖೆಯ ಭಾಷಾ ಸಂಸ್ಥೆ ಜಪಾನೀಸನ್ನು ಅತಿ ಕಷ್ಟದ ಗುಂಪಿಗೆ ಸೇರಿಸಿ, 2200 ಗಂಟೆಗಳ ತರಗತಿ ಬೇಕು ಎನ್ನುತ್ತದೆ. ಅದು ಇಂಗ್ಲಿಷ್ ಮಾತಾಡುವವರ ಲೆಕ್ಕ. ನಮಗೆ ವ್ಯಾಕರಣದ ಗಂಟೆಗಳು ಉಳಿಯುತ್ತವೆ. ಕಾಂಜಿಯ ಗಂಟೆಗಳು ಉಳಿಯುವುದಿಲ್ಲ.

ಅಂದರೆ ನಮ್ಮ ದುಡ್ಡು, ಸಮಯ ಎರಡೂ ವ್ಯಾಕರಣ ವಿವರಿಸುವ ಕಡೆಗೆ ಜಾಸ್ತಿ ಹೋಗಬಾರದು. ಕಿವಿ, ಕಾಂಜಿ, ತಿದ್ದುವ ಮನುಷ್ಯ, ಈ ಮೂರರ ಕಡೆಗೆ ಹೋಗಬೇಕು.

ಯಾವ ದಾರಿಯಾದರೂ ಮೊದಲ ಎರಡು ವಾರ

ಕಾಂಜಿಯ ಜೊತೆಗೆ ಜಪಾನೀಸಿನಲ್ಲಿ ಉಚ್ಚಾರವನ್ನು ಬರೆಯುವ ಎರಡು ಲಿಪಿಗಳಿವೆ: ಹಿರಗಾನ 46, ಕತಕಾನ 46 ಮೂಲ ಅಕ್ಷರ. ಇದಕ್ಕೆ ದುಡ್ಡು ಖರ್ಚು ಮಾಡಬೇಡಿ. ಉಚಿತ ಚಾರ್ಟ್ ಒಂದು, ಧ್ವನಿಗೆ ಒಂದು ವಿಡಿಯೋ, ಒಂದು ನೋಟ್‌ಬುಕ್ ಸಾಕು. ಅಕ್ಷರಗಳ ಕ್ರಮ ನೋಡಿದರೆ ನಿಮಗೇ ಖುಷಿಯಾಗುತ್ತದೆ: ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ಹೋದ ಕ್ರಮ ಅದು. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ವರ್ಣಮಾಲೆಯ ದೂರದ ನೆಂಟ.

ಉಚ್ಚಾರ ಗುರುತು ಹಾಕಿಕೊಳ್ಳಲು ಇಂಗ್ಲಿಷ್ ಅಕ್ಷರ ಬಳಸಬೇಡಿ. ನಮ್ಮ ಲಿಪಿಯೇ ಚೆನ್ನ. ಒಬಸನ್ ಅಂದರೆ ಅತ್ತೆ ಅಥವಾ ಚಿಕ್ಕಮ್ಮ. ಒಬಾಸನ್ ಅಂದರೆ ಅಜ್ಜಿ. ಯುಕಿ ಹಿಮ, ಯೂಕಿ ಧೈರ್ಯ. ಕಿತೆ ಅಂದರೆ ಬಂದು, ಕಿತ್ತೆ ಅಂದರೆ ಅಂಚೆ ಚೀಟಿ. ಹ್ರಸ್ವ, ದೀರ್ಘ, ಒತ್ತಕ್ಷರ ಎಲ್ಲವೂ ಕನ್ನಡದಲ್ಲಿ ಕಣ್ಣಿಗೆ ಕಾಣುತ್ತವೆ. ಟೋಕಿಯೋ ಎಂದು ನಾವು ಬರೆಯುವ ಊರು ನಿಜಕ್ಕೂ ತೋಕ್ಯೋ, ಎರಡೂ ಕಡೆ ಓಕಾರ ದೀರ್ಘ. ಇಂಗ್ಲಿಷ್‌ನಲ್ಲಿ ಬರೆದರೆ ಅದು ಕಾಣುವುದೇ ಇಲ್ಲ. ಕನ್ನಡ ಲಿಪಿಗೂ ಒಂದು ಮಿತಿ ಇದೆ. ‘ಹಶಿ’ ಎಂಬುದಕ್ಕೆ ಊಟದ ಕಡ್ಡಿ, ಸೇತುವೆ ಎರಡೂ ಅರ್ಥ. ಯಾವುದು ಅನ್ನುವುದು ಸ್ವರದ ಏರಿಳಿತದಲ್ಲಿ ಗೊತ್ತಾಗುತ್ತದೆ. ಅದಕ್ಕೆ ಕಿವಿಯೇ ಬೇಕು. ಹಾಗಾಗಿ ಎರಡು ವಾರ ಕಳೆದ ಮೇಲೆ ಕನ್ನಡದ ಊರುಗೋಲನ್ನೂ ಬಿಟ್ಟುಬಿಡಿ.

ಅಕ್ಷರಗಳನ್ನು ಆ್ಯಪ್‌ನಲ್ಲಿ ಒತ್ತುವುದಕ್ಕಿಂತ ಕೈಯಲ್ಲಿ ಬರೆಯುವುದು ಒಳ್ಳೆಯದು. ಯಾಕೆ ಅಂದರೆ ಕತಕಾನದ ‘ಶಿ’ ಮತ್ತು ‘ತ್ಸು’ ನೋಡಿ. ಎರಡರಲ್ಲೂ ಎರಡು ಚಿಕ್ಕ ಗೀಟು, ಒಂದು ಉದ್ದ ಗೀಟು. ಪರದೆಯ ಮೇಲೆ ಎರಡೂ ಒಂದೇ ಥರ ನಗುತ್ತವೆ. ಪೆನ್ನು ಹಿಡಿದರೆ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ‘ಶಿ’ಯಲ್ಲಿ ಚಿಕ್ಕ ಗೀಟುಗಳು ಒಂದರ ಕೆಳಗೊಂದು, ಉದ್ದ ಗೀಟು ಕೆಳಗಿನಿಂದ ಮೇಲಕ್ಕೆ. ‘ತ್ಸು’ವಿನಲ್ಲಿ ಚಿಕ್ಕವು ಪಕ್ಕಪಕ್ಕ, ಉದ್ದದ್ದು ಮೇಲಿನಿಂದ ಕೆಳಕ್ಕೆ. ಇಪ್ಪತ್ತು ಸಲ ಬರೆದರೆ ಆಮೇಲೆ ಗೊಂದಲ ಬಾರದು.

ಆಟದಂಥ ಆ್ಯಪ್‌ಗಳು: ಡುಯೊಲಿಂಗೊ

ಶುರು ಮಾಡುವವರ ಕೈಯಲ್ಲಿ ಮೊದಲು ಇರುವುದು ಇದೇ. ಇದರ ಒಳ್ಳೆಯ ಗುಣ ಒಂದೇ, ಆದರೆ ದೊಡ್ಡದು: ದಿನಾ ಕೂರಿಸುತ್ತದೆ. ಬಸ್ಸಿನಲ್ಲಿ ನಿಂತುಕೊಂಡೂ ಮಾಡಬಹುದು. ಪ್ರತಿ ವಾಕ್ಯಕ್ಕೂ ಧ್ವನಿ ಇದೆ. ಜಾಹೀರಾತು ಸಹಿಸಿಕೊಂಡರೆ ದುಡ್ಡಿಲ್ಲದೆ ನಡೆಯುತ್ತದೆ.

ಕೊರತೆ ಏನೆಂದರೆ, ಬಹಳಷ್ಟು ಸಲ ಪರದೆಯ ಮೇಲಿನ ಪದಗಳನ್ನು ಆರಿಸಿ ಜೋಡಿಸುವುದೇ ಕೆಲಸ. ಕಣ್ಣೆದುರು ಇರುವುದನ್ನು ಗುರುತಿಸುವುದು ಬೇರೆ, ಖಾಲಿ ಬಾಯಿಂದ ವಾಕ್ಯ ಹೊರಡುವುದು ಬೇರೆ. ವಿವರಣೆಯೂ ತೆಳು. ‘ನಿ’ ಹಾಕಬೇಕಿದ್ದ ಕಡೆ ‘ದೆ’ ಹಾಕಿದರೆ ತಪ್ಪು ಎಂದು ಹೇಳುತ್ತದೆ, ಕನ್ನಡಿಗನಿಗೆ ಆ ತಪ್ಪು ಯಾಕೆ ಆಗುತ್ತಿದೆ ಎಂಬ ಮೂಲಕ್ಕೆ ಹೋಗುವುದಿಲ್ಲ.

ಹಾಗಾಗಿ ಇದನ್ನು ಮುಖ್ಯ ದಾರಿ ಮಾಡಿಕೊಳ್ಳಬೇಡಿ. ದಿನಕ್ಕೆ ಹತ್ತು ನಿಮಿಷ, ಜೊತೆಗಾರನಂತೆ ಇರಲಿ. ಭಾಷೆ ನಿಮಗೆ ಹಿಡಿಸುತ್ತದೆಯೋ ಇಲ್ಲವೋ ಎಂದು ಒಂದು ತಿಂಗಳು ನೋಡಬೇಕಾದರೆ ಇದಕ್ಕಿಂತ ಸುಲಭದ್ದು ಇಲ್ಲ.

ಮುಖ್ಯ ದಾರಿಗೆ ಮೂರು: ಇರೊದೊರಿ, ಗೆಂಕಿ, ಮಿನ್ನಾ ನೊ ನಿಹೊಂಗೊ

ನಿಜವಾದ ಆಯ್ಕೆ ಇಲ್ಲಿದೆ. ಈ ಮೂರು ಪಠ್ಯಪುಸ್ತಕಗಳೂ ಮೊದಲ ದಿನದಿಂದ ಹಿಡಿದು ಒಂದು ಹಂತದವರೆಗೆ ಕೈ ಬಿಡದೆ ನಡೆಸುತ್ತವೆ.

ಇರೊದೊರಿ ಜಪಾನ್ ಫೌಂಡೇಶನ್ ಎಂಬ ಅಲ್ಲಿನ ಸರ್ಕಾರಿ ಸಂಸ್ಥೆ ತಯಾರಿಸಿದ್ದು. ಪಾಠಗಳ ಪಿಡಿಎಫ್, ಧ್ವನಿ ಎರಡೂ ಉಚಿತವಾಗಿ ಇಳಿಸಿಕೊಳ್ಳಬಹುದು. ಮೂರು ಭಾಗ, ಒಂದೊಂದರಲ್ಲಿ 18 ಪಾಠ. ಜಪಾನಿನಲ್ಲಿ ಬದುಕುವ, ದುಡಿಯುವ ಹೊರಗಿನವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅಂಗಡಿಯಲ್ಲಿ ಕೇಳುವುದು, ಕೆಲಸದ ಜಾಗದಲ್ಲಿ ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವುದು, ಇಂಥವು. ಕೇಳಿಸಿಕೊಳ್ಳಲು ಧಾರಾಳವಾಗಿ ಇದೆ. ವ್ಯಾಕರಣದ ಅಭ್ಯಾಸ ಮಾತ್ರ ಕಮ್ಮಿ. ಒಂದೇ ರೂಪವನ್ನು ಇಪ್ಪತ್ತು ವಾಕ್ಯದಲ್ಲಿ ತಿರುಗಿಸಿ ತಿರುಗಿಸಿ ಮಾಡಿಸುವುದಿಲ್ಲ. ಕೆಲವರಿಗೆ ಇದು ಕೊರತೆ. ಕನ್ನಡಿಗರಿಗೆ ಅಷ್ಟು ಕೊರತೆ ಅಲ್ಲ ಎಂಬುದು ನನ್ನ ಅಭಿಪ್ರಾಯ, ಕಾರಣ ಮೇಲೆ ಹೇಳಿದ್ದೇ.

ನಿರ್ದಿಷ್ಟ ಕೌಶಲ ವೀಸಾದಲ್ಲಿ, ಅಂದರೆ ‘ತೊಕುತೆಯ್ ಗಿನೋ’ದಲ್ಲಿ ಹೋಗುವವರಿಗೆ ಇದು ಬಹಳ ಸರಿಯಾದ ಆಯ್ಕೆ. ಆ ವೀಸಾಕ್ಕೆ ಜೆಎಲ್‌ಪಿಟಿ ಎಂಬ ಜಪಾನೀಸ್ ಭಾಷಾ ಪರೀಕ್ಷೆಯ ಎನ್4 ಹಂತ (ಎಲ್ಲಕ್ಕಿಂತ ಸುಲಭದ್ದು ಎನ್5, ಅದರ ಮೇಲಿನದು ಎನ್4) ಅಥವಾ ಜೆಎಫ್‌ಟಿ ಬೇಸಿಕ್ ಪರೀಕ್ಷೆ ಪಾಸಾಗಬೇಕು. ಜೆಎಫ್‌ಟಿ ಬೇಸಿಕ್ ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ, 250ಕ್ಕೆ 200 ಅಂಕ ಬೇಕು. ಅದನ್ನು ನಡೆಸುವುದೂ ಜಪಾನ್ ಫೌಂಡೇಶನ್ನೇ, ಇರೊದೊರಿ ಕಲಿಸುವುದೂ ಅದೇ ಮಟ್ಟದ ಭಾಷೆ. ಹಿರಿಯರ ಆರೈಕೆಯ ಕೆಲಸಕ್ಕೆ ಹೋಗುವವರು ಇದರ ಮೇಲೆ ಆರೈಕೆಗೆ ಸಂಬಂಧಿಸಿದ ಇನ್ನೊಂದು ಭಾಷಾ ಪರೀಕ್ಷೆಯನ್ನೂ ಬರೆಯಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ. ಪುಸ್ತಕಕ್ಕಿಂತ ಪರದೆಯ ಮೇಲೆ ಪಾಠ, ಪ್ರಶ್ನೆ, ಉತ್ತರ ಹೀಗೆ ಇಷ್ಟವಾಗುವವರಿಗೆ ಅದೇ ಸಂಸ್ಥೆಯ ಮಿನಾತೊ ತಾಣ ಇದೆ. ಅಲ್ಲಿ ಮರುಗೊತೊ ಎಂಬ ಪಾಠಮಾಲೆಯನ್ನು ಉಚಿತವಾಗಿ ಒಬ್ಬರೇ ಕಲಿಯಬಹುದು.

ಗೆಂಕಿ ಎರಡು ಸಂಪುಟ, ಒಟ್ಟು 23 ಪಾಠ. ಮೂರನೇ ಆವೃತ್ತಿ 2020ರಲ್ಲಿ ಬಂತು. ಇಂಗ್ಲಿಷ್ ವಿವರಣೆ ಪಾಠದ ಒಳಗೇ ಇದೆ, ಹಾಗಾಗಿ ಒಬ್ಬರೇ ಕೂತು ಓದುವವರಿಗೆ ಅನುಕೂಲ. ಯೂಟ್ಯೂಬಿನಲ್ಲಿ ಇದರ ಪಾಠಪಾಠಕ್ಕೂ ವಿವರಣೆ ಮಾಡಿದವರು ಇದ್ದಾರೆ, ತೊಕಿನಿ ಆಂಡಿ ಎಂಬ ಚಾನೆಲ್ ಅದಕ್ಕೆ ಹೆಸರಾಗಿದೆ. ಸಮಸ್ಯೆ ಎರಡು. ಕಾಲೇಜಿನ ತರಗತಿಗೆ ಬರೆದದ್ದಾದ್ದರಿಂದ ‘ಜೊತೆಗಾರರೊಂದಿಗೆ ಮಾಡಿ’ ಎಂಬ ಅಭ್ಯಾಸಗಳು ಜಾಸ್ತಿ. ಮತ್ತೆ, ಪಠ್ಯ, ಅಭ್ಯಾಸ ಪುಸ್ತಕ, ಉತ್ತರ ಪುಸ್ತಕ ಎಲ್ಲ ಬೇರೆಬೇರೆ. ಎಲ್ಲ ಕೊಂಡರೆ ನಮ್ಮಲ್ಲಿ ದುಬಾರಿಯಾಗುತ್ತದೆ.

ಮಿನ್ನಾ ನೊ ನಿಹೊಂಗೊ ಆರಂಭಿಕ ಹಂತಕ್ಕೆ ಎರಡು ಭಾಗ, ಒಟ್ಟು 50 ಪಾಠ. ಮುಖ್ಯ ಪುಸ್ತಕ ಪೂರ್ತಿ ಜಪಾನೀಸಿನಲ್ಲಿ. ಅನುವಾದ, ವ್ಯಾಕರಣದ ಪುಸ್ತಕ ಬೇರೆ. ಮೊದಲ ಸಲ ತೆರೆದಾಗ ಗಾಬರಿಯಾಗುತ್ತದೆ, ಹಿರಗಾನ ಬರದೆ ಒಂದು ಸಾಲೂ ಮುಂದೆ ಹೋಗದು. ಆದರೆ ಅಭ್ಯಾಸಗಳ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಪ್ರತಿ ಪಾಠದಲ್ಲೂ ಒಂದೇ ಅಚ್ಚನ್ನು ಹಿಡಿದು ನಾಲಿಗೆ ತಿರುಗುವವರೆಗೆ ಹೇಳಿಸುತ್ತದೆ. ನಮ್ಮಲ್ಲಿ ಕ್ಲಾಸ್ ನಡೆಸುವ ಎಷ್ಟೋ ಶಿಕ್ಷಕರು ಇದನ್ನೇ ಬಳಸುತ್ತಾರೆ. ಹಾಗಾಗಿ ಮುಂದೆ ಯಾವತ್ತಾದರೂ ಕ್ಲಾಸ್ ಸೇರಿದರೆ ಮತ್ತೆ ಮೊದಲಿನಿಂದ ಶುರು ಮಾಡುವ ಕಷ್ಟ ಇರುವುದಿಲ್ಲ.

ಗೆಂಕಿ ಮತ್ತು ಮಿನ್ನಾದ ನಡುವೆ ನನ್ನ ಓಟು ಮಿನ್ನಾಕ್ಕೆ. ಗೆಂಕಿಯ ಬಲ ಅದರ ಇಂಗ್ಲಿಷ್ ವಿವರಣೆ. ಆ ವಿವರಣೆಯ ಬಹುಪಾಲು, ಮಾತು ಯಾಕೆ ತಿರುವುಮುರುವಾಗಿದೆ ಎಂದು ಇಂಗ್ಲಿಷಿನವರಿಗೆ ಸಮಾಧಾನ ಹೇಳುವುದು. ನಮಗೆ ಅದು ತಿರುವುಮುರುವು ಅಲ್ಲವೇ ಅಲ್ಲ. ಮಿನ್ನಾದ ಬಲ ಅಭ್ಯಾಸ, ಅದು ಎಲ್ಲರಿಗೂ ಬೇಕು. ಆದರೆ ಒಂದು ಎಚ್ಚರಿಕೆ. ‘ತಬೆತೆ’, ‘ಇತ್ತೆ’ ಎಂಬ ರೂಪ ಮಿನ್ನಾದಲ್ಲಿ 14ನೇ ಪಾಠಕ್ಕೆ ಬರುತ್ತದೆ, ಗೆಂಕಿಯಲ್ಲಿ 6ನೇ ಪಾಠಕ್ಕೇ ಬರುತ್ತದೆ. ಕನ್ನಡಿಗನಿಗೆ ಈ ರೂಪವೇ ಬಂಗಾರ. ತಿಂದು, ಹೋಗಿ, ಮಾಡಿ ಎಂದು ಪೋಣಿಸುತ್ತಾ ಹೋಗುವುದು ನಮ್ಮ ಮಾತಿನ ರೀತಿಯೇ ಅಲ್ವಾ? ಮಿನ್ನಾ ಹಿಡಿದವರು ಐದಾರು ಪಾಠ ಆದಮೇಲೆ 14ನೇ ಪಾಠವನ್ನು ಒಂದು ಸಲ ಇಣುಕಿ ನೋಡಿ ಬನ್ನಿ.

ಗೆಂಕಿ ಯಾರಿಗೆ? ಇಂಗ್ಲಿಷ್ ಮಾಧ್ಯಮದಲ್ಲೇ ಓದಿ, ಇಂಗ್ಲಿಷ್‌ನಲ್ಲೇ ಯೋಚಿಸುವುದು ಸಲೀಸಾದವರಿಗೆ. ಕೇಳಲು ಯಾರೂ ಇಲ್ಲದ, ಎಲ್ಲವನ್ನೂ ಓದಿಯೇ ತಿಳಿಯಬೇಕಾದವರಿಗೆ.

ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ ಸುಲಭ ಜಪಾನೀಸ್ ಪಾಠಗಳ ಬಗ್ಗೆಯೂ ಕೇಳುತ್ತಾರೆ. ಚಿಕ್ಕ ಚಿಕ್ಕ ಸಂಭಾಷಣೆ, ಉಚಿತ, ಹಿಂದಿ ವಿವರಣೆಯೂ ಉಂಟು. ಪ್ರವಾಸಕ್ಕೆ ಹೋಗುವವರಿಗೆ ಅಷ್ಟೇ ಸಾಕು. ಉಳಿದವರಿಗೆ ಅದು ಉಪ್ಪಿನಕಾಯಿ ಇದ್ದ ಹಾಗೆ, ಊಟ ಬೇರೆ ಬೇಕು.

ಕಾಂಜಿಗೆ: ಆಂಕಿಯೋ ವನಿಕಾನಿಯೋ

ಎರಡೂ ಒಂದೇ ತತ್ವದ ಮೇಲೆ ನಡೆಯುತ್ತವೆ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವುದು. ನೆನಪಿದ್ದರೆ ಮುಂದಿನ ಸಲ ಇನ್ನೂ ತಡವಾಗಿ ಕೇಳುವುದು.

ವನಿಕಾನಿ 60 ಹಂತಗಳ ತಾಣ. 2000ಕ್ಕೂ ಹೆಚ್ಚು ಕಾಂಜಿ, 6000ಕ್ಕೂ ಹೆಚ್ಚು ಪದ. ಮೊದಲ 3 ಹಂತ ಉಚಿತ, ಆಮೇಲೆ ತಿಂಗಳಿಗೆ 9 ಡಾಲರ್. ನಮ್ಮ ಲೆಕ್ಕದಲ್ಲಿ 800 ರೂಪಾಯಿ ಆಚೀಚೆ. ಎಲ್ಲ ಸಿದ್ಧವಾಗಿ ಸಿಗುತ್ತದೆ, ಕೂತು ಉತ್ತರ ಬರೆದರೆ ಆಯಿತು. ಆದರೆ ಉಚ್ಚಾರ ನೆನಪಿಡಲು ಕೊಡುವ ಕಥೆಗಳು ಇಂಗ್ಲಿಷ್ ಪದಗಳ ಶಬ್ದದ ಮೇಲೆ ಕಟ್ಟಿದವು. ಇಂಗ್ಲಿಷ್ ನಾಲಿಗೆಗೆ ಹತ್ತಿರ ಇದ್ದವರಿಗೆ ಮಾತ್ರ ಅವು ತಟ್ಟನೆ ಹೊಳೆಯುತ್ತವೆ. ಜೊತೆಗೆ ಅದರ ಕ್ರಮ ಅದರದೇ, ನಿಮ್ಮ ಪುಸ್ತಕದ ಕ್ರಮಕ್ಕೆ ಹೊಂದುವುದಿಲ್ಲ.

ಆಂಕಿ ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಕಾರ್ಡುಗಳನ್ನು ನಾವೇ ಮಾಡಿಕೊಳ್ಳುವ ಆ್ಯಪ್. ಕಂಪ್ಯೂಟರಿನಲ್ಲಿ, ಆಂಡ್ರಾಯ್ಡ್ ಫೋನಿನಲ್ಲಿ ಉಚಿತ. ಐಫೋನಿನಲ್ಲಿ ಮಾತ್ರ ಒಂದು ಸಲ ಸುಮಾರು 25 ಡಾಲರ್. ಶುರುವಿಗೆ ಒಂದು ಸಂಜೆ ಅದನ್ನು ಅರ್ಥ ಮಾಡಿಕೊಳ್ಳಲು ಬೇಕಾಗುತ್ತದೆ. ನೋಡಲು ಚೆಂದ ಇಲ್ಲ. ಆದರೂ ನಾನು ಆಂಕಿಯನ್ನೇ ಹೇಳುತ್ತೇನೆ, ಕಾರಣ ಒಂದೇ: ಕಾರ್ಡಿನ ಹಿಂದೆ ಕನ್ನಡ ಬರೆಯಬಹುದು. ಮುಂದೆ ‘ತಬೆತೆ ಮಿರು’ ಎಂದು ಹಿರಗಾನದಲ್ಲಿ. ಹಿಂದೆ ‘ತಿಂದು ನೋಡು’. ನಡುವೆ ಇಂಗ್ಲಿಷ್ ಬಂದು ನಿಲ್ಲುವುದೇ ಇಲ್ಲ. ಕನ್ನಡದಿಂದ ಇಂಗ್ಲಿಷ್‌ಗೆ, ಇಂಗ್ಲಿಷ್‌ನಿಂದ ಜಪಾನೀಸಿಗೆ ಎಂದು ಎರಡು ಬಸ್ಸು ಬದಲಿಸುವ ಕಷ್ಟ ತಪ್ಪುತ್ತದೆ.

ಯಾವುದನ್ನೇ ಹಿಡಿಯಿರಿ, ಕಾಂಜಿಯನ್ನು ಒಂಟಿಯಾಗಿ ಕಲಿಯಬೇಡಿ, ಪದದ ಒಳಗೆ ಕಲಿಯಿರಿ. ‘ನಿಚಿಯೋಬಿ’ ನೋಡಿ. ಭಾನುವಾರ. ಮೂರು ಕಾಂಜಿ. ಮೊದಲನೆಯದೂ ಕೊನೆಯದೂ ಒಂದೇ ಅಕ್ಷರ, ಸೂರ್ಯ ಅಥವಾ ದಿನ ಎಂದು ಅರ್ಥ. ಮೊದಲು ಬಂದಾಗ ‘ನಿಚಿ’, ಕೊನೆಯಲ್ಲಿ ಬಂದಾಗ ‘ಬಿ’. ಒಂದೇ ಪದದೊಳಗೆ ಎರಡು ಓದು. ಆ ಕಾಂಜಿಯ ಎಲ್ಲ ಓದನ್ನೂ ಪಟ್ಟಿ ಮಾಡಿ ಬಾಯಿಪಾಠ ಮಾಡಲು ಹೋದರೆ ತಲೆ ಕೆಡುತ್ತದೆ. ಪದ ಕಲಿತರೆ ಓದು ತಾನಾಗಿ ಬರುತ್ತದೆ. ವಾರದ ಹೆಸರುಗಳಂತೂ ನಮಗೆ ಬೇಗ ಬರುತ್ತವೆ. ಸೋಮವಾರಕ್ಕೆ ಚಂದ್ರ, ಮಂಗಳವಾರಕ್ಕೆ ಬೆಂಕಿ. ಅಂಗಾರಕ ಅಂದರೆ ಕೆಂಡ ತಾನೇ? ಶುಕ್ರವಾರದಲ್ಲಿ ಚಿನ್ನ ಇದೆ. ಶುಕ್ರ ಗ್ರಹಕ್ಕೆ ಅವರು ‘ಕಿನ್‌ಸೆಯ್’ ಅನ್ನುತ್ತಾರೆ, ಅಂದರೆ ಚಿನ್ನದ ನಕ್ಷತ್ರ.

ಹೊಸ ಕಾರ್ಡು ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಬೇಡ. ಮೊದಲ ವಾರದ ಉತ್ಸಾಹದಲ್ಲಿ ಮೂವತ್ತು ಹಾಕಿಕೊಂಡರೆ, ತಿಂಗಳು ಕಳೆಯುವ ಹೊತ್ತಿಗೆ ಹಳೆಯವೇ ದಿನಕ್ಕೆ ನೂರಾರು ಬಂದು ಕೂರುತ್ತವೆ. ಬಿಟ್ಟುಬಿಡುವವರು ಬಿಡುವುದು ಆಗಲೇ.

ಕಿವಿಗೆ

ಇದರಲ್ಲಿ ದೊಡ್ಡ ಹೋಲಿಕೆ ಬೇಡ, ಎಲ್ಲ ಉಚಿತ. ಕಾಂಪ್ರಿಹೆನ್ಸಿಬಲ್ ಜಪಾನೀಸ್ ಚಾನೆಲ್‌ನಲ್ಲಿ ಚಿತ್ರ ಬಿಡಿಸುತ್ತಾ, ಕೈ ತೋರಿಸುತ್ತಾ ನಿಧಾನವಾಗಿ ಹೇಳುತ್ತಾರೆ, ಪೂರ್ತಿ ಜಪಾನೀಸಿನಲ್ಲೇ. ಮೊದಲ ತಿಂಗಳಿನಿಂದಲೇ ನೋಡಬಹುದು. ನಿಹೊಂಗೊ ಕೊನ್ ತೆಪ್ಪೆಯ್ ಪಾಡ್‌ಕಾಸ್ಟ್ ಕಿವಿಗೆ ಮಾತ್ರ, ಚಿತ್ರ ಇಲ್ಲ. ನಾಲ್ಕೈದು ತಿಂಗಳು ಆದಮೇಲೆ, ಪಾತ್ರೆ ತೊಳೆಯುವಾಗ, ನಡೆಯುವಾಗ ಹಾಕಿಕೊಳ್ಳಿ.

ಕಿವಿಯನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಳ್ಳುವವರಿಗೆ ಒಂದು ಲೆಕ್ಕ. ಜೆಎಲ್‌ಪಿಟಿ ಎನ್5ರಲ್ಲಿ 180ಕ್ಕೆ 80 ಬಂದರೆ ಪಾಸು. ಆದರೆ ಕೇಳುವ ಭಾಗದಲ್ಲೇ 60ಕ್ಕೆ 19 ಬರಲೇಬೇಕು. ಓದುವ ಭಾಗದಲ್ಲಿ ಎಷ್ಟೇ ಚೆನ್ನಾಗಿ ಮಾಡಿದರೂ ಇಲ್ಲಿ 18 ಬಂದರೆ ಫೇಲು.

ಮನುಷ್ಯರಿಂದ ಕಲಿಯುವುದು

ಆನ್‌ಲೈನ್ ಬ್ಯಾಚ್ ಕ್ಲಾಸೋ, ಒಬ್ಬರೇ ಒಬ್ಬ ಶಿಕ್ಷಕರೋ? ನಾನು ಎರಡನ್ನೂ ಮಾಡಿದ್ದೇನೆ. ಬ್ಯಾಚ್‌ನಲ್ಲಿ ಮೂವತ್ತಕ್ಕೂ ಜಾಸ್ತಿ ಜನ ಇದ್ದೆವು. ನನ್ನ ಸರದಿ ಬರುವ ಹೊತ್ತಿಗೆ ವಾರಕ್ಕೆ ಒಂದೋ ಎರಡೋ ವಾಕ್ಯ ಹೇಳುತ್ತಿದ್ದೆ. ಮೂರು ತಿಂಗಳ ಫೀಸು ಮೊದಲೇ ಕಟ್ಟಿಸಿಕೊಂಡಿದ್ದರು, ನಡುವೆ ಬಿಡುವ ಹಾಗೂ ಇರಲಿಲ್ಲ. ಅಲ್ಲಿ ಕಲಿತದ್ದನ್ನು ಪುಸ್ತಕದಿಂದಲೇ ಕಲಿಯಬಹುದಿತ್ತು.

ಆಮೇಲೆ ಐಟಾಕಿಯಂಥ ತಾಣದಲ್ಲಿ ಒಬ್ಬ ಜಪಾನಿ ಮಹಿಳೆಯ ಜೊತೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಮಾತಾಡಲು ಶುರು ಮಾಡಿದೆ. ಮೂರನೇ ಸಲ ಅವರು ಒಂದು ಮಾತು ಹೇಳಿದರು: ನೀವು ಎಲ್ಲ ಕಡೆ ‘ನಿ’ ಹಾಕುತ್ತೀರಿ. ಅಷ್ಟೇ. ಅದೇ ‘ಅಲ್ಲಿ’ಯ ತಪ್ಪು. ಐದು ತಿಂಗಳಿಂದ ಮಾಡುತ್ತಾ ಬಂದಿದ್ದೆ, ಯಾವ ಆ್ಯಪೂ ಅದನ್ನು ಹೀಗೆ ಒಟ್ಟಾಗಿ ಹಿಡಿದು ಕೊಟ್ಟಿರಲಿಲ್ಲ.

ಇಂಥ ತಾಣಗಳಲ್ಲಿ ಎರಡು ಥರದವರು ಇರುತ್ತಾರೆ. ತರಬೇತಿ ಪಡೆದ ಶಿಕ್ಷಕರು, ಮತ್ತು ಸುಮ್ನೆ ಮಾತಿಗೆ ಜೊತೆ ಕೊಡುವವರು. ಎರಡನೆಯವರದು ಕಮ್ಮಿ ದರ. ಪುಸ್ತಕ ಹಿಡಿದು ತಾನೇ ಓದುವವರಿಗೆ ಅವರೇ ಸಾಕು. ಒಬ್ಬರೇ ಕೂತು ಓದುವ ಅಭ್ಯಾಸವೇ ಇಲ್ಲದವರಿಗೆ ಮಾತ್ರ ಬ್ಯಾಚ್ ಒಳ್ಳೆಯದು, ಅಲ್ಲಿ ಬೇರೆಯವರ ಜೊತೆ ಸಾಗಲೇಬೇಕಾಗುತ್ತದೆ. ಸೇರುವ ಮುಂಚೆ ಎರಡು ಪ್ರಶ್ನೆ ಕೇಳಿ: ಬ್ಯಾಚಿನಲ್ಲಿ ಎಷ್ಟು ಜನ? ತಿಂಗಳು ತಿಂಗಳು ಫೀಸು ಕಟ್ಟಬಹುದಾ? ಹತ್ತಕ್ಕಿಂತ ಜಾಸ್ತಿ ಜನ ಇದ್ದರೆ ನಾನು ಸೇರುವುದಿಲ್ಲ.

ಎಐ ಚಾಟ್‌ಗಳೂ ಈಗ ಎಲ್ಲರ ಕೈಯಲ್ಲಿವೆ. ನೀವು ಬರೆದ ವಾಕ್ಯವನ್ನು ಹಾಕಿ, ತಪ್ಪನ್ನು ಕನ್ನಡದಲ್ಲೇ ವಿವರಿಸು ಎಂದು ಕೇಳಬಹುದು. ಹಿಂಜರಿಕೆ ಇರುವವರಿಗೆ ಒಳ್ಳೆಯ ಮೊದಲ ಮೆಟ್ಟಿಲು. ಆದರೆ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತವೆ. ಅನುಮಾನ ಬಂದದ್ದನ್ನು ಜಿಶೊ ಎಂಬ ಆನ್‌ಲೈನ್ ನಿಘಂಟಿನಲ್ಲೋ ಪುಸ್ತಕದಲ್ಲೋ ನೋಡಿಕೊಳ್ಳಿ.

ನಿಮ್ಮ ಜೇಬು, ನಿಮ್ಮ ಗುರಿ

ಒಂದು ರೂಪಾಯಿಯೂ ಬೇಡ ಅನ್ನುವವರಿಗೆ: ಇರೊದೊರಿ, ಕಂಪ್ಯೂಟರಿನಲ್ಲೋ ಆಂಡ್ರಾಯ್ಡ್‌ನಲ್ಲೋ ಆಂಕಿ, ಕಾಂಪ್ರಿಹೆನ್ಸಿಬಲ್ ಜಪಾನೀಸ್. ಈ ಮೂರರಿಂದ ಆರಂಭದ ಹಂತ ಪೂರ್ತಿ ದಾಟಬಹುದು. ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರೂ ಹಿಂದೆ ಉಳಿಯಬೇಕಿಲ್ಲ, ಇದನ್ನು ನಾನು ಒತ್ತಿ ಹೇಳುತ್ತೇನೆ.

ತಿಂಗಳಿಗೆ ಸಾವಿರ ರೂಪಾಯಿ ಇಡಬಲ್ಲವರು ಅದನ್ನು ಆ್ಯಪ್‌ನ ಚಂದಾಕ್ಕೆ ಹಾಕಬೇಡಿ. ಒಂದು ಸಲ ಮಿನ್ನಾ ಪುಸ್ತಕ ಕೊಳ್ಳಿ, ಉಳಿದದ್ದನ್ನು ಮನುಷ್ಯರ ಜೊತೆಗಿನ ಅರ್ಧ ಗಂಟೆಗೆ ಕೂಡಿಡಿ. ಮೊದಲ ಮೂರು ತಿಂಗಳು ಅದೂ ಬೇಡ, ಆಡಲು ನಿಮ್ಮಲ್ಲಿ ವಾಕ್ಯಗಳು ಇರಬೇಕಲ್ಲ.

ಪರೀಕ್ಷೆಯೇ ಗುರಿಯಾದರೆ ಲೆಕ್ಕ ಬೇರೆ. ಜೆಎಲ್‌ಪಿಟಿ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರ್‌ನ ಮೊದಲ ಭಾನುವಾರ. ಬೆಂಗಳೂರಿನಲ್ಲೂ ಕೇಂದ್ರ ಇದೆ. ಅರ್ಜಿ ತಿಂಗಳುಗಳ ಮುಂಚೆಯೇ ಮುಗಿದುಹೋಗುತ್ತದೆ, ಓದು ಮುಗಿಯಲಿ ಎಂದು ಕಾಯಬೇಡಿ. ಮಿನ್ನಾದ ಮೊದಲ 25 ಪಾಠ ಹೆಚ್ಚುಕಡಿಮೆ ಎನ್5, ಐವತ್ತೂ ಆದರೆ ಎನ್4. ಒಂದು ವಿಷಯ ನೆನಪಿರಲಿ: ಜೆಎಲ್‌ಪಿಟಿಯಲ್ಲಿ ಮಾತಾಡುವುದೂ ಇಲ್ಲ, ಕೈಯಲ್ಲಿ ಬರೆಯುವುದೂ ಇಲ್ಲ, ಎಲ್ಲ ಆಯ್ಕೆಯ ಪ್ರಶ್ನೆಗಳು. ಎನ್4 ಪಾಸಾಗಿ ಬಾಯಿ ಬಾರದವರನ್ನು ನಾನು ನೋಡಿದ್ದೇನೆ. ಆರೈಕೆಯ ಕೆಲಸಕ್ಕೆ ಹೋಗುವವರು ಪರೀಕ್ಷೆಗೆ ಓದುತ್ತಲೇ ಮಾತಿನ ಅಭ್ಯಾಸವನ್ನೂ ಇಟ್ಟುಕೊಳ್ಳಲೇಬೇಕು. ಅಲ್ಲಿ ಮುಂದೆ ಕೂತಿರುವುದು ನೋವು ಹೇಳಿಕೊಳ್ಳುವ ಅಜ್ಜಿ, ನಾಲ್ಕು ಆಯ್ಕೆ ಕೊಡುವ ಪ್ರಶ್ನೆಪತ್ರಿಕೆ ಅಲ್ಲ.

ಕಂಪನಿಯ ಕೆಲಸಕ್ಕೆ ಬೇಕಾದವರು ಮಿನ್ನಾವನ್ನೇ ಹಿಡಿಯಿರಿ. ಅದು ‘ಮಸು’ ಎಂದು ಕೊನೆಯಾಗುವ ಮರ್ಯಾದೆಯ ಮಾತಿನಿಂದ ಶುರುವಾಗುತ್ತದೆ, ಆಫೀಸಿಗೆ ಬೇಕಾದದ್ದು ಅದೇ.

ಅನಿಮೆ ಪ್ರಿಯರಿಗೆ ಇದರ ಉಲ್ಟಾ. ಗೆಳೆಯರ ನಡುವಿನ ಮಾತು, ‘ನೀನು’ ಎಂಬಂಥದ್ದು, ಮಿನ್ನಾದಲ್ಲಿ 20ನೇ ಪಾಠಕ್ಕೆ ಬರುತ್ತದೆ. ಅಷ್ಟು ಕಾಯಲು ಬೇಸರ ಅನಿಸಿದರೆ ತೇ ಕಿಮ್ ಅವರ ಉಚಿತ ವ್ಯಾಕರಣ ಮಾರ್ಗದರ್ಶಿ ನೋಡಿ, ಅದು ಆ ಸರಳ ರೂಪದಿಂದಲೇ ಶುರುವಾಗುತ್ತದೆ. ಆದರೆ ಕೇಳಿದ್ದನ್ನು ಹಾಗೇ ಹಿರಿಯರ ಮುಂದೆ ಆಡಬೇಡಿ. ಅಪರಿಚಿತ ಹಿರಿಯರನ್ನು ನಾವು ‘ನೀನು’ ಅನ್ನುತ್ತೇವೆಯೇ?

ಆರಿಸಿದ್ದು ಸರಿಯೋ ತಪ್ಪೋ ಎಂದು ಆರು ವಾರ ಆದಮೇಲೆ ಹೀಗೆ ನೋಡಿ. ಪುಸ್ತಕ ಮುಚ್ಚಿ, ಫೋನು ಪಕ್ಕಕ್ಕಿಡಿ. ಇವತ್ತು ಬೆಳಿಗ್ಗೆ ಏನೇನು ಮಾಡಿದಿರಿ ಎಂದು ಐದು ವಾಕ್ಯ ಜೋರಾಗಿ ಹೇಳಿ. ಎದ್ದೆ, ಕಾಫಿ ಕುಡಿದೆ, ಬಸ್ಸಿನಲ್ಲಿ ಹೋದೆ. ಮೂರಾದರೂ ಬಂದರೆ ಹಿಡಿದ ದಾರಿಯನ್ನು ಬದಲಿಸಬೇಡಿ, ಬೇರೆಯವರು ಎಷ್ಟೇ ಹೊಸ ಆ್ಯಪ್ ಹೇಳಲಿ. ಒಂದೂ ಬರದೆ ಪದಗಳು ಮಾತ್ರ ನೆನಪಾದರೆ, ಆ್ಯಪ್‌ನ ಹೊತ್ತನ್ನು ಅರ್ಧ ಮಾಡಿ, ಪುಸ್ತಕದ ಅಭ್ಯಾಸಗಳನ್ನು ಬಾಯಿಬಿಟ್ಟು ಹೇಳಲು ಶುರು ಮಾಡಿ.